ಹೊಲಿಗೆಗೆ ಬಿಟ್ಟ ಕಂಬಿ

ತರೀಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಓಣೀಲಿ ಮುನೀರ್ ಪಾಷಾ ಮನೆ ಯಾವುದು ಅಂತ ಕೇಳಿ ನೋಡಿ. ಯಾರು, ಗಾದಿ ಸಾಬ್ರಾ ಅಂತ ಕೈ ತೋರಿಸ್ತಾರೆ. ಅವರೇ ನಮ್ಮನೆಯವರು. ನಾನು ಖುರ್ಷಿದ್ ಬೇಗಂ, ಅವರನ್ನ ಕಟ್ಕೊಂಡವಳು. ನನಗೆ ಮೂಗಿನ ತುದೀಲೇ ಕೋಪ ಅಂತ ಮಗ ಸೊಸೆ ಇಬ್ರೂ ಹೇಳ್ತಾರೆ, ಹೇಳ್ಕೊಳ್ಲಿ. ಈ ಮನುಷ್ಯ ಗಾಡಿ ನೆತ್ತಿ ಮೇಲೆ ಒಂದು ಪೆಟ್ಟಿಗೆ ಕೂರಿಸೋಕೆ ಪಟ್ಟ ಪಾಡು ನೋಡಿದ್ರೆ ನಿಮಗೂ ಕೋಪ ಬರ್ತಿತ್ತು.

ಮೊದಲು ಅವರ ಕಸುಬು ಹೇಳ್ಬೇಕು, ಇಲ್ಲಾಂದ್ರೆ ಮಿಕ್ಕಿದ್ದು ಅರ್ಥ ಆಗಲ್ಲ. ಅವರಪ್ಪ ಹತ್ತಿ ಹಿಂಜೋ ಬಿಲ್ಲು ಹೆಗಲಿಗೆ ಹಾಕ್ಕೊಂಡು ಸಿಂಗಟಗೆರೆ, ಅಜ್ಜಂಪುರ ಅಂತ ಊರೂರು ತಿರುಗಿ, ಜನರ ಜಗಲೀಲಿ ಕೂತು ಹಳೇ ಗಾದಿ ಬಿಚ್ಚಿ ಹಿಂಜಿ ಹೊಸದು ಮಾಡಿಕೊಟ್ಟವರು. ಇವರೂ ಮೀಸೆ ಬರೋ ಮುಂಚೇನೇ ಅಪ್ಪನ ಹಿಂದೆ ಹೊರಟವರು. ಆಮೇಲೆ ಮಿಷನ್ ಬಂತು, ಅಂಗಡಿ ಆಯ್ತು. ಈಗ ಫೋಮ್ ಗಾದಿ ಬಂದು ಅರ್ಧ ಕೆಲಸ ತಿಂದುಹಾಕಿದೆ, ಹಾಗಾಗಿ ಸೋಫಾ ಕವರು, ಕಾರಿನ ಸೀಟ್ ಕವರು ಎಲ್ಲಾ ಹೊಲೀತಾರೆ. ಆದ್ರೂ ಮದುವೆ ಮನೆಯವರು ಹತ್ತಿ ಗಾದಿಗೆ ಅಂತ ಇವತ್ತಿಗೂ ಅವರನ್ನೇ ಹುಡುಕ್ಕೊಂಡು ಬರೋದು.

ಹತ್ತಿ ವಿಷಯಕ್ಕೆ ಬಂದ್ರೆ ಅವರಿಗೆ ಗೊಂದಲ ಅನ್ನೋದೇ ಗೊತ್ತಿಲ್ಲ. ಮಂಚದ ಮುಂದೆ ಒಂದ್ಸಲ ನಿಂತು, ಕೈ ಚಾಚಿ ಮೊಳ ಹಾಕಿ, ಇಷ್ಟು ಕೇಜಿ ಬೇಕು ಅಂತಾರೆ. ಅಷ್ಟೇ ಬೇಕಾಗಿರುತ್ತೆ. ಬಟ್ಟೆ ಕತ್ತರಿಸುವಾಗ ಮಾತ್ರ ಎರಡೂ ಕಡೆ ನಾಲ್ಕು ಬೆರಳು ಜಾಸ್ತಿ ಬಿಡ್ತಾರೆ. ಹೊಲಿಗೆಗೆ ಒಂದಿಷ್ಟು, ಒಗೆದಾಗ ಕುಗ್ಗೋದಕ್ಕೆ ಒಂದಿಷ್ಟು. ಅವರಪ್ಪ ಕಲಿಸಿದ್ದಂತೆ. ಜಾಸ್ತಿ ಇದ್ರೆ ಒಳಗೆ ಮಡಚಬಹುದು, ಕಮ್ಮಿ ಬಿದ್ರೆ ಎಲ್ಲಿಂದ ತರೋದು ಅಂತ ನನ್ನ ಜಂಪರ್ ಬಟ್ಟೆ ತರೋಕೆ ಹೋದ್ರೂ ಅದೇ ಮಾತು. ಬಾಗಿಲಿಗೆ ಪರದೆ ತಂದ್ರೆ ನೆಲ ಗುಡಿಸ್ತಾ ಇರುತ್ತೆ.

ಇನ್ನು ನನ್ನ ಕತೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಸೊಂಟ ಹೋಯ್ತು. ಶಿವಮೊಗ್ಗದಲ್ಲಿ ಆಪರೇಷನ್ ಆಯ್ತು. ಈಗ ಕೋಲು ಹಿಡ್ಕೊಂಡು ಮನೆಯೊಳಗೆ ಓಡಾಡ್ತೀನಿ. ಕೂತ್ಕೊಂಡೇ ಇರು ಅಂದ್ರೆ ಆಗಲ್ಲ, ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿದು ಬೆನ್ನಲ್ಲಿ ಚಳುಕು ಏಳುತ್ತೆ. ಮಲಗಿದ್ರೆ ಆರಾಮ. ದೂರ ಪ್ರಯಾಣ ಮಾಡಬಹುದಾ ಅಂತ ಡಾಕ್ಟರನ್ನ ಕೇಳಿದ್ದಕ್ಕೆ, ಮಲಗಿಕೊಂಡು ಹೋಗೋ ಹಾಗಿದ್ರೆ ಹೋಗಮ್ಮ ಅಂದ್ರು.

ಹೋಗಲೇಬೇಕಿತ್ತು. ರಾಯಚೂರಲ್ಲಿ ನನ್ನ ಆಪಾ ಇದ್ದಾಳೆ, ನಮ್ಮಕ್ಕ. ಅವಳ ಕಿರೀ ಮಗಳು ಸಬೀಹಾಳ ಮದುವೆ ಗೊತ್ತಾಗಿತ್ತು. ಸಬೀಹಾ ಹೆಸರಿಗೆ ಆಪಾನ ಮಗಳು. ಆಪಾ ಕಾಯಿಲೆ ಬಿದ್ದಾಗ ಕೈಕೂಸನ್ನ ತಂದು ನನ್ನ ಮಡಿಲಿಗೆ ಹಾಕಿದ್ರು. ನಮ್ಮ ಮನೇಲೇ ನಡೆಯೋದು ಕಲಿತಳು, ಮೊದಲು ಅಮ್ಮಿ ಅಂದದ್ದು ನನಗೆ. ಶಾಲೆಗೆ ಸೇರಿಸೋ ವಯಸ್ಸಿಗೆ ವಾಪಸ್ ಕಳಿಸಿ ಎಷ್ಟು ದಿನ ಅತ್ತಿದ್ದೆನೋ. ನಮ್ಮ ತವರಲ್ಲಿ ಮದುಮಗಳಿಗೆ ಮೊದಲ ಹಳದಿ ಹಚ್ಚೋದು ಖಾಲಾ, ಅಂದ್ರೆ ಚಿಕ್ಕಮ್ಮ. ಆ ಹುಡುಗಿ ಫೋನ್ ಮಾಡಿ, ನೀನು ಬರದಿದ್ರೆ ಹಳದೀನೇ ಬೇಡ, ಹಾಗೇ ಹೋಗಿ ನಿಕಾಹ್‌ಗೆ ಕೂರ್ತೀನಿ ಅಂತ ಹಠ ಹಿಡಿದಳು. ನನ್ನ ಆಸೆ ಇದೊಂದೇ ಆಗಿತ್ತು. ಆ ಕೆನ್ನೆಗೆ ಒಂದ್ಸಲ ಹಳದಿ ಹಚ್ಚಿ ಬಂದ್ರೆ ಸಾಕು.

ರೈಲಿದೆಯಲ್ಲ ಅಂತೀರಾ? ಹತ್ತಬೇಕು, ಇಳೀಬೇಕು, ನಡುವೆ ಬದಲಾಯಿಸಬೇಕು. ಮೆಟ್ಟಿಲು ಅಂದ್ರೆ ನನಗೆ ಎದೆ ನಡುಗುತ್ತೆ. ನಮ್ಮ ಮಗ ಅಜ್ಮತ್‌ಗೆ ಕಡೂರಲ್ಲಿ ಕನ್ನಡಕದ ಅಂಗಡಿ ಇದೆ, ಓಡಾಟಕ್ಕೆ ಅಂತ ಸೆಕೆಂಡ್ ಹ್ಯಾಂಡಲ್ಲಿ ಒಂದು ದೊಡ್ಡ ಗಾಡಿ ತಗೊಂಡಿದ್ದ. ಎಸ್‌ಯುವಿ ಅಂತಾರಲ್ಲ, ಅದು. ಲೆಕ್ಕ ಅವನೇ ಹಾಕಿದ. ಅವನು ಓಡಿಸೋದು, ಪಕ್ಕದಲ್ಲಿ ಅವರಪ್ಪ. ನಡುವಿನ ಸೀಟು ಪೂರ್ತಿ ನನಗೆ, ಉದ್ದಕ್ಕೆ ಮಲಗೋಕೆ. ಹಿಂದುಗಡೆ ಎದುರುಬದುರು ಇರೋ ಚಿಕ್ಕ ಸೀಟುಗಳಲ್ಲಿ ಸೊಸೆ ನಸ್ರೀನ್, ಮೊಮ್ಮಗಳು ಮದೀಹಾ. ಅಲ್ಲಿಗೆ ಗಾಡಿ ಭರ್ತಿ. ಮದುವೆ ಮನೆಗೆ ಹೊರಟ ಐದು ಜನರ ಬಟ್ಟೆಬರೆ, ಮದುಮಗಳಿಗೆ ಅಂತ ನಾನು ಕೂಡಿಟ್ಟ ಸಾಮಾನು ಎಲ್ಲಿಡೋದು? ನೆತ್ತಿ ಮೇಲೆ. ಮಳೆ ಧೂಳು ತಾಗದೆ ಇರೋಕೆ ಮುಚ್ಚಳ ಇರೋ ಪೆಟ್ಟಿಗೆ ಹಾಕಿಸೋಣ ಅಂದ ಅಜ್ಮತ್. ಅಬ್ಬಾ, ಸೀಟ್ ಕವರಿನ ಕೆಲಸಕ್ಕೆ ಕಾರಿನ ಅಂಗಡಿಯವರೆಲ್ಲ ನಿಮಗೆ ಪರಿಚಯ, ನೀವೇ ನೋಡಿ ತಗೊಂಬಿಡಿ ಅಂತ ಅವರಪ್ಪನಿಗೆ ವಹಿಸಿದ. ಅಲ್ಲೇ ಕೆಟ್ಟದ್ದು.

ಮೊದಲ ಸಲ ಕಡೂರಿಗೆ ಹೋದ್ರು, ಚಂದ್ರಕುಮಾರ್ ಅನ್ನೋರ ಅಂಗಡಿಗೆ. ಅಲ್ಲಿ ಕಾರಿಗೆ ಬೇಕಾದ ಅಲಂಕಾರದ ಸಾಮಾನೆಲ್ಲ ಸಿಗುತ್ತೆ. ಹೋಗುವಾಗ ಮದುವೆ ಗಂಡಿನಂಗೆ ಹೋದವರು, ಬರುವಾಗ ಪಿಳಿಪಿಳಿ ಕಣ್ಣು ಬಿಟ್ಕೊಂಡು ಬಂದ್ರು. ಪೆಟ್ಟಿಗೆ ಸುಮ್ನೆ ಕೂರಲ್ವಂತೆ. ಗಾಡಿ ನೆತ್ತಿ ಮೇಲೆ ಉದ್ದಕ್ಕೆ ಎರಡು ಕಂಬಿ ಇದೆಯಲ್ಲ, ಅದಷ್ಟೇ ಸಾಲಲ್ವಂತೆ. ಅವೆರಡಕ್ಕೆ ಅಡ್ಡಲಾಗಿ ಇನ್ನೆರಡು ಕಂಬಿ ಹಾಕ್ಬೇಕು, ಅದಕ್ಕೆ ಕ್ರಾಸ್ ಬಾರ್ ಅಂತಾರೆ, ಪೆಟ್ಟಿಗೆ ಕೂರೋದು ಅದರ ಮೇಲೆ. ಆ ಅಡ್ಡಕಂಬೀಲಿ ಚೌಕದ್ದು, ದುಂಡನೇದು, ಗಾಳಿ ಸೀಳೋ ಚಪ್ಪಟೇದು ಅಂತ ಜಾತಿ. ಪೆಟ್ಟಿಗೇಲಿ ಉದ್ದಂದು, ಅಗಲದ್ದು, ಎಡಕ್ಕೆ ಬಿಚ್ಚೋದು, ಬಲಕ್ಕೆ ಬಿಚ್ಚೋದು, ಎರಡೂ ಕಡೆ ಬಿಚ್ಚೋದು. ಅಷ್ಟು ಸಾಲದು ಅಂತ ಎಲ್ಲಕ್ಕೂ ಲೀಟರ್ ಲೆಕ್ಕ.

ನನಗೆ ತಲೆಬುಡ ತಿಳೀಲಿಲ್ಲ. ಹಾಲಿಗೆ ಲೀಟರ್, ಎಣ್ಣೆಗೆ ಲೀಟರ್, ಬಟ್ಟೆ ಇಡೋ ಪೆಟ್ಟಿಗೆಗೆ ಯಾವ ಸೀಮೆ ಲೀಟರ್ ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಪಿಯುಸಿ ಓದೋ ಮದೀಹಾ ಬಂದು, ದಾದಿ, ಒಳಗೆ ನೀರು ತುಂಬಿಸಿದ್ರೆ ಎಷ್ಟು ಹಿಡಿಯುತ್ತೋ ಅಷ್ಟು ಲೀಟರ್ ಅಂತ ವಿವರಿಸಿದಳು. ನೀರು ಒಳಗೆ ಹೋಗಬಾರದು ಅಂತ ತಾನೇ ಪೆಟ್ಟಿಗೆ ತರ್ತಿರೋದು ಅಂದೆ. ಅವಳು ನಕ್ಕು ಎದ್ದುಹೋದಳು. ನಾನೇನು ತಪ್ಪು ಹೇಳಿದೆ?

ನಮ್ಮನೆಯವರು ಮಾತ್ರ ಆ ಲೀಟರನ್ನ ತಲೆಗೆ ಹಚ್ಕೊಂಡ್ರು. ನಾಷ್ಟಾ ಮುಗಿಸಿ ಬಚ್ಚಲಿನ ಬಕೆಟ್ ತಂದು, ಒರೆಸಿ, ನನ್ನ ಸೀರೆಗಳನ್ನ ಅದಕ್ಕೆ ತುಂಬಿ ಲೀಟರ್ ಎಣಿಸೋಕೆ ಕೂತ್ರು. ಹತ್ತಿ ತುಂಬಿ ಅಭ್ಯಾಸ ಅಲ್ವಾ, ಮೊಣಕಾಲು ಊರಿ ಒತ್ತಿ ಒತ್ತಿ ತುಂಬಿದ್ರು. ಚಿಕ್ಕ ಪೆಟ್ಟಿಗೆ ಸಾಕು ಅಂತ ತೀರ್ಮಾನ ಆಯ್ತು. ನನ್ನ ರೇಷ್ಮೆ ಸೀರೆ ಹಪ್ಪಳ ಆಗಿದ್ದು ನೋಡಿ ನಾನು ಬಾಯಿಗೆ ಬಂದಂಗೆ ಬೈದೆ. ಮಾರನೇ ದಿನ ಒತ್ತದೆ ತುಂಬಿದ್ರು. ಮನೇಲಿರೋ ಬಕೆಟ್ ಎಲ್ಲಾ ತುಂಬಿ ಇನ್ನೂ ಸೀರೆ ಉಳೀತು. ಹಾಗಾದ್ರೆ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೇನೂ ಸಾಲದು ಅಂತ ಹಣೆ ಹಿಡ್ಕೊಂಡು ಕೂತ್ರು.

ಆಮೇಲೆ ಅಜ್ಜಂಪುರಕ್ಕೆ ಹೋದ್ರು. ಅಲ್ಲಿ ಶ್ರೀನಿವಾಸಮೂರ್ತಿಗಳು ಅಂತ ಕರೆಂಟ್ ಇಲಾಖೇಲಿ ಇಂಜಿನಿಯರ್ ಆಗಿ ರಿಟೈರ್ ಆದವರು ಇದ್ದಾರೆ. ಅವರ ಮನೆ ಗಾದಿಗಳೆಲ್ಲ ನಮ್ಮ ಮಾವನ ಕಾಲದಿಂದ ನಮ್ಮವರೇ ಮಾಡಿದ್ದು. ಅವರ ಹತ್ರಾನೂ ಇಂಥದೇ ಗಾಡಿ, ನೆತ್ತಿ ಮೇಲೆ ಪೆಟ್ಟಿಗೆ ಹಾಕಿಸಿ ಧರ್ಮಸ್ಥಳಕ್ಕೆ ಹೋಗಿಬಂದಿದ್ದಾರೆ ಅಂತ ಯಾರೋ ಹೇಳಿದ್ರು. ಪುಣ್ಯಾತ್ಮರು ಏಣಿ ಹಾಕಿ ಇವರನ್ನ ಗಾಡಿ ಮೇಲೆ ಹತ್ತಿಸಿ ಪಾಠ ಮಾಡಿದ್ರಂತೆ. ಛಾವಣಿ ಹೊರೋ ಭಾರಕ್ಕೆ ಮಿತಿ ಇದೆ, ಪೆಟ್ಟಿಗೆ ತೂಕಾನೂ ಕಂಬಿ ತೂಕಾನೂ ಆ ಮಿತಿಯೊಳಗೇ ಬರ್ಬೇಕು ಅಂದ್ರಂತೆ. ಎರಡು ಅಡ್ಡಕಂಬಿ ನಡುವೆ ಸಾಕಷ್ಟು ಅಂತರ ಇರ್ಬೇಕು. ಭಾರದ್ದು ಕೆಳಗೆ ಗಾಡಿಯೊಳಗೆ, ಹಗುರಾದ್ದು ಮೇಲೆ. ಮತ್ತೆ ಮುಖ್ಯವಾಗಿ, ನಿಮ್ಮ ಗಾಡಿ ಹಿಂದಿನ ಬಾಗಿಲು ಮೇಲಕ್ಕೆ ಏಳೋದು, ಪೆಟ್ಟಿಗೆ ಉದ್ದ ಆದ್ರೆ ಬಾಗಿಲು ಅದಕ್ಕೆ ಹೊಡೆಯುತ್ತೆ, ಜೋಪಾನ ಅಂದ್ರಂತೆ. ಇದನ್ನೆಲ್ಲ ನಮ್ಮವರು ಮನೆಗೆ ಬಂದು ನನಗೆ ಒಪ್ಪಿಸಿದ್ರು, ಒಂದಕ್ಷರ ಬಿಡದೆ. ಬಾಗಿಲಿನ ಮಾತನ್ನೂ ಹೇಳಿದ್ರು. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ನಾನು ಇಟ್ಕೊಂಡಿದ್ದೆ.

ಮೂರ್ತಿಗಳ ಹೆಂಡತಿ ರಂಗನಾಯಕಿಯಮ್ಮನವರು ಕಾಫಿ ಕೊಡ್ತಾ ಬೇರೇನೇ ಹೇಳಿದ್ರಂತೆ. ಆ ಪೆಟ್ಟಿಗೆ ಅಟ್ಟದ ಮೇಲೆ ಧೂಳು ತಿಂತಿದೆ, ನಾವೀಗ ಬರೀ ಕ್ಯಾರಿಯರಿಗೆ ಟಾರ್ಪಾಲ್ ಹೊದಿಸಿ ಹಗ್ಗ ಬಿಗಿದು ಹೋಗ್ತೀವಿ ಪಾಷಾ ಅವರೇ, ಅದೇ ಸುಖ ಅಂತ. ಅಲ್ಲಿಗೆ ನಮ್ಮವರ ತಲೆ ಪೂರ್ತಿ ಕೆಟ್ಟುಹೋಯ್ತು. ಪೆಟ್ಟಿಗೆ ಬೇಕಾ, ಹಗ್ಗ ಸಾಕಾ, ಊಟದ ತಟ್ಟೆ ಮುಂದೇನೂ ಅದೇ ಜಪ.

ಕಡೆಗೆ ಅಜ್ಮತ್ ಬೇಜಾರಾಗಿ, ಪೆಟ್ಟಿಗೆ ಮಾತು ಆಮೇಲೆ, ಅಡ್ಡಕಂಬಿಗೆ ಅಳತೆ ಕೊಡಿ ಸಾಕು, ತರಿಸಿ ಹಾಕಿಸ್ತೀನಿ ಅಂದ. ಆವತ್ತು ಗಾಡಿ ಮನೆ ಮುಂದೇನೇ ಇತ್ತು. ನಮ್ಮವರು ಸ್ಟೂಲ್ ಮೇಲೆ ನಿಂತು ಟೇಪ್ ಹಿಡಿದು ಅಳತೆ ತೆಗೆದು ಚಂದ್ರಕುಮಾರ್‌ಗೆ ಫೋನಲ್ಲಿ ಹೇಳಿದ್ರು. ಕಂಬಿ ಬಂತು. ಕಡೂರಲ್ಲೇ ಕೂರಿಸಿ ಅಜ್ಮತ್ ಮನೆಗೆ ತಂದ. ನಾನು ಕಿಟಕಿಯಿಂದ ನೋಡಿದೆ. ಎರಡು ಕಂಬೀನೂ ಗಾಡಿ ಎರಡೂ ಪಕ್ಕಕ್ಕೆ ಚಾಚ್ಕೊಂಡು ಎತ್ತಿನ ನೊಗದಂಗೆ ನಿಂತಿದ್ವು. ಅಜ್ಮತ್ ಬಾಗಿಲು ತೆಗೆದು ಇಳಿದವನೇ ಕಂಬಿ ತುದಿಗೆ ಹಣೆ ಹೊಡೆಸ್ಕೊಂಡ. ಅದನ್ನ ನೋಡೋಕೆ ಬಂದ ಪಕ್ಕದ ಮನೆ ಜವರಮ್ಮನೂ ಹೊಡೆಸ್ಕೊಂಡಳು.

ಚಂದ್ರಕುಮಾರ್ ತಪ್ಪಿಲ್ಲ, ಪಾಷಾ ಸಾಬ್ರು ಹೇಳಿದ ಅಳತೇನೇ ಬರ್ಕೊಂಡಿದ್ದಾರೆ. ಮೂರ್ನಾಲ್ಕು ಸಲ ಗಾಡಿ ಅಳೆದ್ರು, ಯಾರಿಗೂ ತಲೆ ಓಡ್ಲಿಲ್ಲ. ಇಷ್ಟು ವರ್ಷ ಅಳತೆ ತಪ್ಪದ ಕೈ ಹೇಗೆ ತಪ್ಪಿತು ಅಂತ ನನಗೂ ಗೊಂದಲ. ಆಮೇಲೆ ಥಟ್ಟನೆ ಹೊಳೀತು. ಕೂಗಿ ಕರೆದು ಕೇಳಿದೆ, ಎರಡೂ ಕಡೆ ನಾಲ್ಕು ಬೆರಳು ಬಿಟ್ರಾ ಅಂತ. ಅವರು ತಲೆ ಕೆರ್ಕೊಂಡ್ರು.

'ಬಿಡದೆ ಇರ್ತೀನಾ? ಹೊಲಿಗೆಗೆ ಬೇಡ್ವಾ?' ಅಂದ್ರು. ಹೇಳಿದ ಮೇಲೆ ಅವರ ಮುಖ ನೋಡ್ಬೇಕಿತ್ತು.

ಕಬ್ಬಿಣಕ್ಕೆ ಯಾವ ಹೊಲಿಗೆ ಕಣ್ರೀ ಅಂತ ನಾನು ಶುರುಮಾಡಿದ್ದಷ್ಟೇ, ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ರು. ಒಗೆದ್ರೆ ಕುಗ್ಗಿ ಸರಿಹೋಗುತ್ತೆ ಬಿಡಿ ಅಬ್ಬಾ ಅಂದಳು ನಸ್ರೀನ್, ಯಾವತ್ತೂ ಮಾವನ ಎದುರು ತಮಾಷೆ ಆಡದವಳು. ಅವರೂ ನಕ್ರು. ನನಗೆ ನಕ್ಕು ನಕ್ಕು ಸೊಂಟ ಹಿಡ್ಕೊಂಡು ಮಾತ್ರೆ ನುಂಗೋ ಹಾಗಾಯ್ತು. ಆ ತಪ್ಪನ್ನ ನಾನು ಆಗಲೇ ಮನ್ನಿಸಿಬಿಟ್ಟೆ. ಅದು ಅವರ ಕೈಯ ತಪ್ಪು, ಅವರಪ್ಪ ಆ ಕೈಗೆ ಕಲಿಸಿದ ತಪ್ಪು.

ಕಂಬಿ ವಾಪಸ್ ಹೋಗಿ ಸರಿಯಾದದ್ದು ಬರೋ ಹೊತ್ತಿಗೆ ಮದುವೆ ಹತ್ರ ಬಂದಿತ್ತು. ಆಪಾ ದಿನಾ ಫೋನ್ ಮಾಡಿ ಹೊರಟ್ರಾ ಅಂತ ಕೇಳೋಳು. ಪೆಟ್ಟಿಗೆ ಇನ್ನೂ ಬಂದಿಲ್ಲ ಅಂತ ಹೇಳೋಕೆ ನನಗೆ ನಾಚಿಕೆ. ಯಾವ ಪೆಟ್ಟಿಗೆ ಅಂತ ಅವಳು ಕೇಳಿದ್ರೆ ಏನಂತ ವಿವರಿಸ್ಲಿ, ಲೀಟರ್ ಲೆಕ್ಕದ್ದು ಅಂತಲಾ?

ಕಡೆಗೂ ಒಂದು ಮಧ್ಯಾಹ್ನ ನಮ್ಮವರು ತಾವೇ ಕಡೂರಿಗೆ ಹೋಗಿ ಪೆಟ್ಟಿಗೆ ಆರಿಸಿ, ಮಗನ ಜೊತೆ ಗಾಡೀಲಿ ಹಾಕಿಸ್ಕೊಂಡು ಬಂದ್ರು. ಕರೀದು, ಮಿರಮಿರ ಮಿಂಚೋದು, ಅಂಗಡೀಲಿದ್ದ ಎಲ್ಲಕ್ಕಿಂತ ಉದ್ದಂದು. ಮದೀಹಾ ಖುಷಿಯಾಗಿ ಹಿಂದಿನ ಸೀಟಿಗೆ ಹತ್ತೋಣ ಅಂತ ಹೋದಳು. ಆ ಸೀಟಿಗೆ ಹಿಂದಿನ ಬಾಗಿಲಿಂದಲೇ ಹತ್ತಬೇಕು, ಬೇರೆ ದಾರಿ ಇಲ್ಲ. ಬಾಗಿಲು ಎತ್ತಿದಳು, ಠಕ್ ಅಂತ ಪೆಟ್ಟಿಗೆಗೆ ತಾಗಿ ನಿಂತ್ಕೊಂಡ್ತು. ಬೆಕ್ಕು ನುಸುಳೋವಷ್ಟು ಸಂದಿ. ನಮ್ಮ ನಸ್ರೀನ್ ಸ್ವಲ್ಪ ಮೈಕೈ ತುಂಬ್ಕೊಂಡವಳು. ಅವಳು ಆ ಸಂದಿ ನೋಡಿದಳು, ಮಾವನ್ನ ನೋಡಿದಳು, ಒಳಗೆ ಹೋಗಿ ಅಕ್ಕಿ ಆರಿಸೋಕೆ ಕೂತಳು.

ನಾನು ನಗಲಿಲ್ಲ. ಅಜ್ಜಂಪುರದ ಮೂರ್ತಿಗಳು ಬಿಡಿಸಿ ಹೇಳಿದ್ರಲ್ಲ, ಇವರು ಬಂದು ನನಗೆ ಒಪ್ಪಿಸಿದ್ರಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಯಾಕೆ ತಂದ್ರು? ಕೇಳಿದ್ರೆ ಮರೆತೆ ಅಂದ್ರು. ಮಗ ಸಿಟ್ಟು ನುಂಗ್ಕೊಂಡು, ಗಿಡ್ಡ ಪೆಟ್ಟಿಗೆ ಬದಲಾಯಿಸಿ ತರ್ತೀನಿ ಅಂದ. ಬೇಡ ತಡಿ, ಬೀಗ ಯಾವ ಕಡೆ ಬರುತ್ತೆ ವಿಚಾರಿಸ್ಬೇಕು ಅಂದ್ರು. ಮಾರನೇ ದಿನ, ಬಿಸಿಲಿಗೆ ಪ್ಲಾಸ್ಟಿಕ್ ಕಾದು ಬಟ್ಟೆ ಹಾಳಾಗುತ್ತೇನೋ ಅಂದ್ರು. ಅದರ ಮಾರನೇ ದಿನ ಹಗ್ಗಾನೇ ವಾಸಿ, ಅದರ ಮಾರನೇ ದಿನ ಮಳೆ ಬಂದ್ರೆ ಹಗ್ಗ ಕೆಲಸಕ್ಕೆ ಬರಲ್ಲ.

ಈ ಮನುಷ್ಯನಿಗೆ ಅರುಳುಮರುಳಾ? ಇಲ್ಲ, ಅಂಗಡೀಲಿ ಅವರ ಕತ್ತರಿ ಎಂದಿನ ಹಾಗೇ ಓಡ್ತಿದೆ. ದುಡ್ಡಿಗೆ ಹಿಂದೆಮುಂದೆ ನೋಡೋ ಜಾಯಮಾನ ಅಲ್ಲ. ನಮ್ಮ ತವರಿನವರ ಮೇಲೆ ಮುನಿಸಾ? ಸಬೀಹಾನ್ನ ಹೆಗಲ ಮೇಲೆ ಕೂರಿಸ್ಕೊಂಡು ಸಂತೆ ಸುತ್ತಿಸಿದವರು ಅವರೇ. ಹಾಗಾದ್ರೆ ಏನು? ಯೋಚನೆ ಮಾಡಿ ಮಾಡಿ ತಲೆ ಚಿಟ್ಟು ಹಿಡೀತು. ಕೊನೆಗೆ ನನಗೆ ತೋಚಿದ್ದು ಒಂದೇ. ನಾನು ಭಾರ ಆಗಿದ್ದೀನಿ. ಎತ್ತಿ ಇಳಿಸಿ ಮಾಡ್ಬೇಕಾದ ಹೆಂಗಸನ್ನ ಕಟ್ಕೊಂಡು ಮದುವೆ ಮನೆಗೆ ಹೋಗೋಕೆ ಅವರಿಗೆ ಮನಸ್ಸಿಲ್ಲ, ಬಾಯಿಬಿಟ್ಟು ಹೇಳೋಕೆ ಆಗದೆ ಪೆಟ್ಟಿಗೆ ನೆಪ ಹಿಡಿದಿದ್ದಾರೆ. ಹಾಗನ್ನಿಸಿದ ಮೇಲೆ ಅಳು ತಡೆಯೋಕೆ ಆಗ್ಲಿಲ್ಲ. ಗೋಡೆ ಕಡೆ ತಿರುಗಿ ಮಲಗಿ ಸುಮ್ನೆ ಅತ್ತೆ.

ಆವತ್ತು ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಬಂದವರು ನನ್ನ ಮಂಚದ ಪಕ್ಕದಲ್ಲೇ ಕೂತು ಒಂದು ದಿಂಬಿನ ಹೊಲಿಗೆ ಬಿಚ್ತಾ ಇದ್ರು. ಮನೇಲಿ ಬೇರೆ ಯಾರೂ ಇರಲಿಲ್ಲ. ನಾನು ಇನ್ನು ತಡೆಯಲಾರದೆ ಕೇಳಿಬಿಟ್ಟೆ. ನನ್ನನ್ನ ಕರ್ಕೊಂಡು ಹೋಗೋಕೆ ಇಷ್ಟ ಇಲ್ಲದಿದ್ರೆ ಇಲ್ಲ ಅನ್ನಿ, ನೀವು ನಾಲ್ಕೂ ಜನ ಹೋಗಿಬನ್ನಿ, ನಡುವಿನ ಸೀಟಲ್ಲಿ ಬಟ್ಟೆ ತುಂಬ್ಕೊಂಡು ಹೋಗಿ, ಪೆಟ್ಟಿಗೇನೂ ಬೇಡ ಕಂಬೀನೂ ಬೇಡ, ನಾನು ಜವರಮ್ಮನ ಕೈಲಿ ಗಂಜಿ ಕುಡ್ಕೊಂಡು ಇರ್ತೀನಿ ಅಂದೆ. ಇನ್ನೂ ಏನೇನೋ ಅಂದೆ. ಕೆಟ್ಟ ಮಾತೂ ಬಂತು.

ಅವರು ದಿಂಬು ಪಕ್ಕಕ್ಕಿಟ್ರು. ಕೈಗೆ ಅಂಟಿದ್ದ ಹತ್ತಿ ಎಳೆ ಎಳೆಯಾಗಿ ಕೀಳ್ತಾ ಕೂತಿದ್ರು.

'ಶಿವಮೊಗ್ಗಕ್ಕೆ ಹೋಗುವಾಗ ಆಂಬುಲೆನ್ಸಲ್ಲಿ ನೀನು ಹೇಗೆ ಕೂಗಿದೆ ಗೊತ್ತಾ ಖುರ್ಷಿದ್?' ಅಂದ್ರು.

ನನಗೆ ಗೊತ್ತಿರಲಿಲ್ಲ. ಬಚ್ಚಲಲ್ಲಿ ಕಾಲು ಜಾರಿದ್ದು ನೆನಪಿದೆ, ಆಸ್ಪತ್ರೆ ಫ್ಯಾನು ನೆನಪಿದೆ, ನಡುವಿನದು ಒಂದೂ ಇಲ್ಲ. ಕೂಗಿದೆನಾ ಅಂತ ಕೇಳಿದೆ.

'ರಸ್ತೇಲಿ ಗಾಲಿ ಒಂಚೂರು ಎಗರಿದ್ರೂ ಕೂಗ್ತಿದ್ದೆ. ಮನುಷ್ಯರ ದನಿ ಹಾಗಿರಲ್ಲ. ನಿನ್ನ ತಲೆ ನನ್ನ ತೊಡೆ ಮೇಲಿತ್ತು. ನನ್ನ ಕೈಲಿ ಆಗದೆ ಗಾಡಿ ನಿಲ್ಲಿಸು ಅಂತ ಡ್ರೈವರ್‌ಗೆ ಹೇಳ್ದೆ. ನಿಲ್ಲಿಸಿದ. ಮತ್ತೆ ಹೊರಟ, ಮತ್ತೆ ನೀನು ಕೂಗಿದೆ, ಮತ್ತೆ ನಾನು ನಿಲ್ಲಿಸು ಅಂದೆ. ಹಾಗೇ ನಿಲ್ಲಿಸಿ ನಿಲ್ಲಿಸಿ ಹೊತ್ತು ಮಾಡಿ ತಲುಪಿಸಿದ್ದು. ಆ ಕೂಗು ನನ್ನ ಕಿವೀಲಿ ಈಗಲೂ ಇದೆ. ಮಿಷನ್ ಓಡ್ತಿದ್ರೂ ಕೇಳುತ್ತೆ. ಪೆಟ್ಟಿಗೆ ಸರಿಯಾಗಿ ಕೂತ್ರೆ ಹೊರಡ್ಬೇಕಲ್ಲ, ಅದಕ್ಕೆ ಕೂರಿಸ್ತಿಲ್ಲ.'

ಆ ಉದ್ದದ ಪೆಟ್ಟಿಗೆ ಬೇಕೂ ಅಂತಾನೇ ತಂದದ್ದಾ ಅಂತ ಕೇಳಿದೆ. ತಲೆ ಆಡಿಸಿದ್ರು. ಹೌದು ಅಂತ.

ನನಗೆ ಬೈಬೇಕೋ ಅಳ್ಬೇಕೋ ತಿಳೀಲಿಲ್ಲ. ನಾನು ಕೂಗಿದ್ದು, ನಾನು ಮರೆತಿದ್ದು, ಒಂದು ವರ್ಷದಿಂದ ಕೇಳಿಸ್ಕೊಳ್ತಾ ಇರೋದು ಈ ಮನುಷ್ಯ. ಮನೇಲಿ ಏನಾದ್ರೂ ಪಾತ್ರೆ ಸದ್ದಾದ್ರೆ ಎದ್ದು ಕೂರೋರು, ನಾನು ವಯಸ್ಸಾಯ್ತು ಅಂದ್ಕೊಂಡಿದ್ದೆ. ಪಾಪ ಅನ್ನಿಸ್ತು. ಅದರ ಜೊತೇಲೇ ಮೈ ಉರೀತು. ನನ್ನ ಸಬೀಹಾ ಅಲ್ಲಿ ಹಳದಿ ಇಟ್ಕೊಂಡು ದಾರಿ ನೋಡ್ತಿದ್ದಾಳೆ, ಇವರು ಹೆದರ್ಕೊಂಡು ಇಲ್ಲಿ ಪೆಟ್ಟಿಗೆ ಆಟ ಆಡ್ತಿದ್ದಾರೆ. ನೋವು ನನ್ನದು. ತಡ್ಕೊಳ್ಳೋದೋ ಬಿಡೋದೋ ನಾನು ಹೇಳ್ಬೇಕು.

'ಕೂಗಿದ್ರೆ ಕೂಗ್ತೀನಿ. ರಾಯಚೂರು ಮುಟ್ಟೋ ತನಕ ಕೂಗ್ಕೊಂಡೇ ಬರ್ತೀನಿ. ನೀವು ಮಾತ್ರ ಗಾಡಿ ನಿಲ್ಲಿಸಬಾರದು,' ಅಂದೆ.

ಅವರು ಎದ್ದು ಅಂಗಡಿ ಕಡೆ ಹೋದ್ರು.

ಸಾಯಂಕಾಲ ಮದೀಹಾನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಚಂದ್ರಕುಮಾರ್ ಅಂಗಡೀಲಿರೋ ಪೆಟ್ಟಿಗೆಗಳ ಫೋಟೋ ತರಿಸು ಅಂದೆ. ಫೋನಿಗೆ ಬಂದ್ವು. ಮಲಗಿದ ಹಾಗೇ ಒಂದೊಂದೇ ನೋಡಿದೆ. ಹಿಂದಿನ ಬಾಗಿಲು ಪೂರ್ತಿ ಎತ್ತಿದ್ರೂ ತಾಗಬಾರದು, ಎರಡೂ ಪಕ್ಕಕ್ಕೆ ಬಿಚ್ಚಬೇಕು, ಹಿಡಿಸದಷ್ಟು ಬಟ್ಟೆ ಮನೇಲೇ ಬಿದ್ದಿರ್ಲಿ, ಬಣ್ಣ ಯಾವ ಹಾಳಾದ್ದಾದ್ರೂ ಆಗ್ಲಿ ಅಂದೆ. ಎರಡು ಪೆಟ್ಟಿಗೆ ಉಳಿದ್ವು. ಅದರಲ್ಲಿ ಗಿಡ್ಡ, ಅಗಲ ಇರೋದನ್ನ ಬೆರಳಿಟ್ಟು ತೋರಿಸಿದೆ. ಅಷ್ಟೇ. ಲೀಟರ್ ಎಷ್ಟು ಅಂತ ನನಗೆ ಈಗಲೂ ಗೊತ್ತಿಲ್ಲ. ಅಜ್ಮತ್ ಮಾರನೇ ದಿನ ಅಂಗಡಿ ಮುಚ್ಚಿ ಬರುವಾಗ ಹಾಕಿಸ್ಕೊಂಡು ಬಂದ. ನಸ್ರೀನ್ ಹಿಂದಿನ ಬಾಗಿಲು ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿ, ನನ್ನ ಕಡೆ ತಿರುಗಿ ನಕ್ಕಳು.

ನಮ್ಮನೆಯವರು ಅದರ ಹತ್ರಕ್ಕೂ ಬರ್ಲಿಲ್ಲ. ಅಂಗಡೀಲಿ ನಡುವಿನ ಸೀಟಿಗೆ ಅಂತ ಒಂದು ಗಾದಿ ಮಾಡ್ತಾ ಇದ್ದಾರೆ ಅಂತ ಮದೀಹಾ ಬಂದು ಹೇಳಿದಳು. ಹೊರಡೋ ಬೆಳಿಗ್ಗೆ ಅದನ್ನ ತಂದು ಹಾಸಿದ್ರು. ಸೊಂಟ ಬರೋ ಜಾಗದಲ್ಲಿ ದಪ್ಪ, ಕಾಲಿನ ಕಡೆ ತೆಳು, ಸೀಟಿನ ಸಂದುಗಳಿಗೆ ಬೇರೆ ಬೇರೆ ತುಂಡು. ಅಜ್ಮತ್, ನಸ್ರೀನ್ ಎರಡೂ ಕಡೆ ಹಿಡಿದು ನನ್ನನ್ನ ಎತ್ತಿ ಮಲಗಿಸಿದ್ರು. ಎಲ್ಲೂ ಒತ್ತಲಿಲ್ಲ. ಚೆನ್ನಾಗಿದೆ ಅಂತ ಹೇಳ್ಬೇಕು ಅಂದ್ಕೊಂಡೆ, ಅವರು ಅಷ್ಟರಲ್ಲಿ ಮುಂದೆ ಹೋಗಿ ಕೂತು ಬೆಲ್ಟ್ ಹಾಕ್ಕೊಂಡು ರಸ್ತೆ ನೋಡ್ತಾ ಇದ್ರು.

ತರೀಕೆರೆ ದಾಟಿದ ಮೇಲೂ ಎಲ್ಲಾ ಸರಿಯಾಗಿತ್ತು. ಅಜ್ಮತ್ ಹುಷಾರಾಗಿ ಓಡಿಸ್ತಿದ್ದ. ಹಿಂದೆ ತಾಯಿ ಮಗಳು ಏನೋ ಪಿಸುಗುಟ್ತಾ ಕೂತಿದ್ರು. ನನಗೆ ಮಲಗಿದಲ್ಲಿಂದ ಕಾಣ್ತಿದ್ದದ್ದು ಕಿಟಕಿಯ ತೆಂಗಿನ ಗರಿ, ಕರೆಂಟ್ ತಂತಿ, ಮುಂದಿನ ಸೀಟಿನ ಸಂದೀಲಿ ನಮ್ಮವರ ಟೋಪಿ, ಅಷ್ಟೇ. ಅಜ್ಜಂಪುರ ಬಂತು, ಹೋಯ್ತು. ಇಷ್ಟೇನಾ, ಇದಕ್ಕಾ ಇಷ್ಟು ರಂಪ ಅಂತ ನನಗೆ ನಗು ಬರೋದ್ರಲ್ಲಿತ್ತು.

ಊರು ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಅಗೆದಿದ್ರು. ಅಜ್ಮತ್ ನಿಧಾನ ಮಾಡಿದ, ಆದ್ರೂ ಹಿಂದಿನ ಗಾಲಿ ಗುಂಡಿಗೆ ಇಳಿದು ಎದ್ದಿತು. ಬೆನ್ನಿಂದ ಹಿಮ್ಮಡಿವರೆಗೂ ಕಾದ ಸಲಾಕಿ ಎಳೆದಂಗಾಯ್ತು. ತುಟಿ ಕಚ್ಕೊಂಡೆ, ಸೆರಗು ಬಾಯಿಗೆ ತುರುಕ್ಕೊಂಡೆ. ಎರಡನೇ ಗುಂಡಿ ಬಂತು. ಆಗ ಕೂಗಿಬಿಟ್ಟೆ. ಅಂಥ ದನಿ ನನ್ನ ಒಳಗೆ ಇತ್ತು ಅಂತಾನೇ ನನಗೆ ಗೊತ್ತಿರಲಿಲ್ಲ. ಅದನ್ನ ನನ್ನ ಕಿವಿಯಿಂದ ನಾನು ಕೇಳಿದ್ದು ಅದೇ ಮೊದಲು.

ಹಿಂದೆ ಮದೀಹಾ ಅಳೋಕೆ ಶುರುಮಾಡಿದಳು. ಅಜ್ಮತ್ ಅಮ್ಮಿ ಅಂತ ಬ್ರೇಕಿಗೆ ಕಾಲಿಟ್ಟ, ಗಾಡಿ ನಿಲ್ಲೋದ್ರಲ್ಲಿತ್ತು. ನಾನು ತಲೆ ಸ್ವಲ್ಪ ಎತ್ತಿ ಸಂದಿಯಿಂದ ನೋಡಿದೆ. ನಮ್ಮನೆಯವರು ಎರಡೂ ಕೈಯಲ್ಲಿ ಎರಡೂ ಕಿವಿ ಗಟ್ಟಿಯಾಗಿ ಮುಚ್ಕೊಂಡಿದ್ರು. ಹಿಂದಕ್ಕೆ ತಿರುಗಲಿಲ್ಲ, ಕಿವಿಯಿಂದ ಕೈ ತೆಗೀಲೂ ಇಲ್ಲ.

'ನಿಲ್ಲಿಸಬೇಡ ಕಣೋ,' ಅಂದ್ರು. 'ಹೋಗು.'